ಸರ್ವರ್‌ನಿಂದ ಸರ್ವರ್‌ಗೆ ಕಡತಗಳನ್ನು ಸಾಗಿಸುವುದು ಹೇಗೆ?

ಹಳೆಯ ಸರ್ವರ್‌ನಲ್ಲಿರುವ ಫೋಲ್ಡರನ್ನು ಆಯ್ದುಕೊಂಡು ಹೊಸದಕ್ಕೆ ಎಳೆದು ಹಾಕಿದರೆ ಕೆಲಸ ಮುಗಿಯಿತು ಎಂದು ಮೊದಲ ಸಲ ಮಾಡುವವರಿಗೆ ಅನ್ನಿಸುವುದು ಸಹಜ. ಹಾಗೆ ಮಾಡಿದಾಗ ಕಡತದೊಳಗಿನ ಬರಹವೇನೋ ತಲುಪುತ್ತದೆ. ಆದರೆ ಅದರ ಒಡೆಯರು ಯಾರು, ಓದಲು ಯಾರಿಗೆ ಅನುಮತಿಯಿದೆ ಎಂಬ ವಿವರಗಳು ದಾರಿಯಲ್ಲೇ ಕಳೆದುಹೋಗಬಹುದು. ಜೊತೆಗೆ, ಜನರು ಬಳಸುತ್ತಲೇ ಇರುವ ಸರ್ವರ್‌ನಲ್ಲಿ ಕೊನೆಯ ಕಡತ ನಕಲಾಗುವಷ್ಟರಲ್ಲಿ ಮೊದಲಿನವುಗಳಲ್ಲಿ ಕೆಲವು ಬದಲಾಗಿರುತ್ತವೆ. ಆದ್ದರಿಂದ ಈ ಕೆಲಸವನ್ನು ಒಂದೇ ಏಟಿಗೆ ಮುಗಿಸಲು ಹೋಗದೆ ಹಲವು ಸುತ್ತುಗಳಲ್ಲಿ ಮಾಡಬೇಕು.

ಮೊದಲು ಲೆಕ್ಕ ಹಾಕಿಕೊಳ್ಳಿ. ಸೆಕೆಂಡಿಗೆ 1 ಗಿಗಾಬಿಟ್ ವೇಗದ ಜಾಲದಲ್ಲಿ ಗರಿಷ್ಠವೆಂದರೂ 125 ಮೆಗಾಬೈಟ್ ಸಾಗುತ್ತದೆ. ವಾಸ್ತವದಲ್ಲಿ 110 ಸಿಕ್ಕಿತೆಂದುಕೊಂಡರೆ 10 ಟೆರಾಬೈಟ್ ಸಾಗಿಸಲು ಸುಮಾರು 25 ಗಂಟೆ ಬೇಕು. ಇದು ದೊಡ್ಡ ಕಡತಗಳ ಮಾತು. ಅಷ್ಟೇ ಗಾತ್ರ ಲಕ್ಷಾಂತರ ಚಿಕ್ಕ ಕಡತಗಳಲ್ಲಿ ಹಂಚಿಹೋಗಿದ್ದರೆ, ಪ್ರತಿಯೊಂದನ್ನೂ ತೆರೆದು, ಆಚೆ ಹೊಸದಾಗಿ ಸೃಷ್ಟಿಸಿ, ಅನುಮತಿ ಬರೆದು ಮುಚ್ಚಬೇಕಾಗುವುದರಿಂದ ಸಮಯ ಹಲವು ಪಟ್ಟು ಹೆಚ್ಚುತ್ತದೆ. ಹಾಗಾಗಿ ಒಟ್ಟು ಗಾತ್ರದಷ್ಟೇ ಮುಖ್ಯವಾಗಿ ಕಡತಗಳ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು.

ಲಿನಕ್ಸ್‌ನಲ್ಲಿ ಕಡತದ ಒಡೆತನ ಡಿಸ್ಕಿನಲ್ಲಿ ಹೆಸರಾಗಿ ಅಲ್ಲ, ಸಂಖ್ಯೆಯಾಗಿ ಉಳಿದಿರುತ್ತದೆ. ಹಳೆಯ ಸರ್ವರ್‌ನ 1005 ಎಂಬ ಬಳಕೆದಾರರೂ ಹೊಸದರ 1005 ಎಂಬುವರೂ ಒಬ್ಬರೇ ಹೌದೇ ಎಂಬುದನ್ನು ಈ ಹಂತದಲ್ಲೇ ಖಚಿತಪಡಿಸಿಕೊಳ್ಳದಿದ್ದರೆ, ಒಬ್ಬರ ಖಾಸಗಿ ಕಡತ ಇನ್ನೊಬ್ಬರ ಕೈ ಸೇರುವ ಅಪಾಯವಿದೆ.

ನಕಲಿಗೆ ಲಿನಕ್ಸ್‌ನಲ್ಲಿ ಆರ್‌ಸಿಂಕ್ ಬಳಸಿ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಹೊರತಂದ ಈ ಉಪಕರಣ, ಎರಡನೆಯ ಸುತ್ತಿನಿಂದ ಬದಲಾದದ್ದನ್ನು ಮಾತ್ರ ಸಾಗಿಸುತ್ತದೆ. ಅದರ ಆರ್ಕೈವ್ ಆಯ್ಕೆ ಎಲ್ಲವನ್ನೂ ಉಳಿಸುತ್ತದೆ ಎಂಬ ನಂಬಿಕೆ ತಪ್ಪು. ಹಾರ್ಡ್ ಲಿಂಕ್‌ಗಳನ್ನೂ (ಒಂದೇ ಕಡತಕ್ಕಿರುವ ಬೇರೆ ಬೇರೆ ಹೆಸರುಗಳು) ವಿಸ್ತೃತ ಅನುಮತಿ ಪಟ್ಟಿಗಳನ್ನೂ ಉಳಿಸಬೇಕೆಂದು ಪ್ರತ್ಯೇಕವಾಗಿ ಹೇಳಬೇಕು. ಮೂಲ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಹಾಕಿದರೆ ಒಳಗಿರುವುದು ಮಾತ್ರ ನಕಲಾಗುತ್ತದೆ, ಬಿಟ್ಟರೆ ಆ ಫೋಲ್ಡರೇ ಹೋಗಿ ಆಚೆ ಕೂರುತ್ತದೆ. ಈ ಒಂದು ಗೆರೆಗಾಗಿಯಾದರೂ ಮೊದಲು ಏನನ್ನೂ ನಿಜವಾಗಿ ನಕಲಿಸದ ಪ್ರಾಯೋಗಿಕ ಓಟ ನಡೆಸಿ, ಏನು ಎಲ್ಲಿಗೆ ಹೋಗಲಿದೆ ಎಂಬ ಪಟ್ಟಿಯನ್ನು ಓದಿ ನೋಡಿ.

ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ರೋಬೋಕಾಪಿ ಇದೆ. ಯಾರೋ ತೆರೆದಿಟ್ಟುಕೊಂಡ ಕಡತ ಸಿಕ್ಕರೆ ಅದು ತಾನಾಗಿಯೇ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಮತ್ತೆ ಯತ್ನಿಸುವಂತೆ ರೂಪಿಸಲಾಗಿದೆ; ಅಂದರೆ ಒಂದೇ ಕಡತಕ್ಕಾಗಿ 11 ತಿಂಗಳಿಗೂ ಹೆಚ್ಚು ಕಾಲ ಕಾಯಲು ಅದು ಸಿದ್ಧ. ಮರುಯತ್ನವನ್ನು ಎರಡು ಮೂರಕ್ಕೆ ಇಳಿಸಿ, ತಪ್ಪಿಹೋದವುಗಳನ್ನು ಲಾಗ್‌ನಲ್ಲಿ, ಅಂದರೆ ಉಪಕರಣ ಬರೆದಿಡುವ ದಾಖಲೆಯಲ್ಲಿ, ಗುರುತಿಸಿಕೊಳ್ಳುವುದು ಲೇಸು.

ಮೂಲದಲ್ಲಿ ಅಳಿಸಿದ್ದನ್ನು ಹೊಸ ಸರ್ವರ್‌ನಲ್ಲೂ ಅಳಿಸುವ ಆಯ್ಕೆ ಎರಡೂ ಉಪಕರಣಗಳಲ್ಲಿದೆ. ಕೊನೆಯ ಸುತ್ತಿಗೆ ಅದು ಅಗತ್ಯವೇ, ಆದರೆ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದೂ ಅದೇ. ಮೂಲ ಡಿಸ್ಕ್ ಮೌಂಟ್ ಆಗದೆ, ಅಂದರೆ ವ್ಯವಸ್ಥೆಗೆ ಜೋಡಣೆಯಾಗದೆ, ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಮಾತ್ರ ಕಾಣುತ್ತಿದ್ದರೆ, ಮೂಲದಲ್ಲಿ ಏನೂ ಇಲ್ಲವೆಂದು ತಿಳಿದು ಅದು ಹೊಸ ಸರ್ವರನ್ನೂ ಖಾಲಿ ಮಾಡಿಬಿಡುತ್ತದೆ. ಮೂಲದಲ್ಲಿರುವ ಪರಿಚಿತ ಕಡತವೊಂದು ಕಣ್ಣಿಗೆ ಬೀಳುವವರೆಗೆ ಆ ಆದೇಶದ ಮೇಲೆ ಎಂಟರ್ ಒತ್ತಬೇಡಿ.

ಒಂದು ಸುತ್ತು ಕೆಲವೇ ನಿಮಿಷಗಳಿಗೆ ಇಳಿದಾಗ, ಬಳಕೆದಾರರಿಗೆ ಮೊದಲೇ ತಿಳಿಸಿದ ಸಮಯದಲ್ಲಿ ಹಳೆಯ ಸರ್ವರನ್ನು ಓದಲು ಮಾತ್ರ ಬರುವಂತೆ ಬದಲಿಸಿ, ಕೊನೆಯ ಸುತ್ತು ನಡೆಸಿ. ಆರ್‌ಸಿಂಕ್ ಸಾಮಾನ್ಯವಾಗಿ ಗಾತ್ರ ಮತ್ತು ತಿದ್ದಿದ ಸಮಯವನ್ನಷ್ಟೇ ಹೋಲಿಸುವುದರಿಂದ, ಮುಖ್ಯ ಫೋಲ್ಡರ್‌ಗಳಿಗಾದರೂ ಚೆಕ್‌ಸಮ್ (ಕಡತದೊಳಗಿನ ಬರಹದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ಹೋಲಿಕೆ ಮಾಡಿಸಿ. ಅದು ನಿಧಾನ, ಆದರೆ ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಿ ಹೇಳುವ ಉತ್ತರ ಅದೊಂದೇ. ಆಮೇಲೆ ಸರ್ವರ್‌ನ ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸಿ, ಸಾಮಾನ್ಯ ಬಳಕೆದಾರರ ಖಾತೆಯಿಂದ ಒಂದು ಕಡತ ತೆರೆದು, ತಿದ್ದಿ, ಉಳಿಸಿ ನೋಡಿ. ನಿರ್ವಾಹಕರ ಖಾತೆಗೆ ಎಲ್ಲ ಬಾಗಿಲೂ ತೆರೆದಿರುವುದರಿಂದ ಅನುಮತಿಯ ದೋಷಗಳು ಅಲ್ಲಿ ಕಾಣುವುದಿಲ್ಲ. ಹೊಸ ಸರ್ವರ್‌ನ ಬ್ಯಾಕಪ್ ಒಮ್ಮೆ ಪೂರ್ತಿಯಾಗಿ, ಅದರಿಂದ ಒಂದು ಕಡತವನ್ನಾದರೂ ಮರಳಿ ಪಡೆದು ನೋಡುವವರೆಗೆ ಹಳೆಯ ಸರ್ವರ್‌ನ ಡಿಸ್ಕ್‌ಗಳನ್ನು ಅಳಿಸಕೂಡದು.