ಅರ್ಧ ಕೆಜಿ ಎಲ್ಲೋಯ್ತು?

2022ರ ಮಾರ್ಚ್ 8ಕ್ಕೆ ನಮ್ಮೂರ ಹೈಸ್ಕೂಲಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಬೆಂಗಳೂರಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿದವಳು ನಾನು. ಲಾಕ್‌ಡೌನ್ ಹೊತ್ತಲ್ಲಿ ಊರಿಗೆ ಬಂದು ಇಲ್ಲೇ ಉಳಿದುಬಿಟ್ಟೆ. ಸಕಲೇಶಪುರದಿಂದ ಹಾನುಬಾಳು ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೇಲಿ ಕೂತು ಬೆಂಗಳೂರಿನ ಸಂಬಳ ತಗೊಳ್ಳೋ ಹೆಂಗಸು ಅಂತ ಸುತ್ತಮುತ್ತ ಸ್ವಲ್ಪ ಹೆಸರಾಗಿತ್ತು. ಕರೆದಿದ್ದು ಅದಕ್ಕೇ.

ರಾತ್ರಿಯೆಲ್ಲ ಕೂತು ಭಾಷಣ ಬರೆದುಕೊಂಡು ಹೋದೆ. 1843ರಲ್ಲಿ ಇಂಗ್ಲೆಂಡಿನ ಅಡಾ ಲವ್‌ಲೇಸ್ ಅನ್ನೋ ಹೆಣ್ಣುಮಗಳು, ಇನ್ನೂ ಕಟ್ಟಿ ಮುಗಿಯದ ಯಂತ್ರವೊಂದಕ್ಕೆ ಲೆಕ್ಕ ಮಾಡುವ ಹೆಜ್ಜೆಗಳನ್ನು ಬರೆದಿಟ್ಟಳು ಅಂತ ಶುರು ಮಾಡಿದೆ. ಮುಂದಿನ ಸಾಲಿನ ಹುಡುಗಿಯರು ಗಡಿಯಾರ ನೋಡುತ್ತಿದ್ದರು. ನಾನು ಬಿಡಲಿಲ್ಲ, ನಲವತ್ತು ನಿಮಿಷ ಮಾತಾಡಿದೆ. ಕೊನೆಗೆ "ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮನೆಗೆ ಬನ್ನಿ, ದುಡ್ಡು ಬೇಡ, ಕಂಪ್ಯೂಟರ್ ಕಲಿಸ್ತೀನಿ" ಅಂದೆ. ಜೋರು ಚಪ್ಪಾಳೆ ಬಿತ್ತು.

ಭಾನುವಾರ ಮೂರು ಹಳೇ ಲ್ಯಾಪ್‌ಟಾಪ್ ಒರೆಸಿಟ್ಟು ಕಾದೆ. ಒಬ್ಬಳೂ ಬರಲಿಲ್ಲ. ಅಮ್ಮ ಕಲಸಿಟ್ಟಿದ್ದ ಅವಲಕ್ಕಿಯನ್ನು ನಾವೇ ತಿಂದೆವು.

ಹುಡುಗಿಯರಿಗೆ ಆಸಕ್ತಿ ಇಲ್ಲ ಅಂದುಕೊಂಡೆ. ಸಿಟ್ಟೂ ಬಂತು. ವಾರ ಕಳೆದ ಮೇಲೆ ಡೈರಿ ಹತ್ತಿರ ಒಬ್ಬಳು ಸಿಕ್ಕಳು. ಯಾಕಮ್ಮ ಬರಲಿಲ್ಲ ಅಂತ ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನಾಲ್ಕು ಗಂಟೆಗೆ ಯಾರ್ ಬಿಡ್ತಾರಕ್ಕ? ಆನೆ ಇದಾವಲ್ಲ."

ಬೆಂಗಳೂರಿನ ಒಂಬತ್ತು ವರ್ಷ ನನಗೆ ಆನೆ ಮರೆಸಿತ್ತು. ನಮ್ಮ ಕಡೆ ಸಂಜೆ ಐದಾದ ಮೇಲೆ ತೋಟದ ದಾರಿಯಲ್ಲಿ ಗಂಡಸರೇ ಒಂಟಿಯಾಗಿ ಓಡಾಡುವುದಿಲ್ಲ. ಇನ್ನು ಎರಡು ಮೈಲಿ ನಡೆದು ಬಂದು, ಆರೂವರೆಗೆ ಕತ್ತಲಲ್ಲಿ ವಾಪಸ್ ಹೋಗು ಅಂತ ಮಗಳನ್ನು ಯಾರು ಕಳಿಸುತ್ತಾರೆ? ಟೈಮ್ ಬದಲಾಯಿಸಿ ಬೆಳಿಗ್ಗೆ ಒಂಬತ್ತಕ್ಕಿಟ್ಟೆ. ಆಗಲೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ವಾರದ ಬಟ್ಟೆ ಒಗೆಯೋ ಹೊತ್ತು, ಅದು ಹೆಣ್ಣುಮಕ್ಕಳದೇ ಕೆಲಸ. ಕೊನೆಗೆ ಹನ್ನೊಂದರಿಂದ ಒಂದೂವರೆ ಅಂತಾಯಿತು. ಆ ಭಾನುವಾರ ನಾಲ್ವರು ಬಂದರು. ಇಬ್ಬರ ಕೈಯಲ್ಲಿ ಇನ್ನೂ ಸೋಪಿನ ವಾಸನೆ ಇತ್ತು.

ಹೆಣ್ಣುಮಕ್ಕಳನ್ನು ಟೆಕ್ನಾಲಜಿಗೆ ಕರೆತರೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಭಾಷಣ ಬರೆಯುವ ಮೊದಲು ಆ ಊರಿಗೆ ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತಲ್ಲ, ಆ ತಿಂಗಳು ಪಕ್ಕದ ಎರಡು ಊರುಗಳಿಂದ ಐದು ಹುಡುಗಿಯರು ಹೊಸದಾಗಿ ಸೇರಿಕೊಂಡರು. ನನ್ನ ನಲವತ್ತು ನಿಮಿಷದ ಭಾಷಣದಿಂದ ಆಗದ್ದು ಬಸ್ ಟಿಕೆಟ್‌ನಿಂದ ಆಯಿತು.

ಆನೆ ವಿಷಯ ಬಂತು ಅಂತ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಎಲ್ಲಿದೆ ಅಂತ ತಿಳಿಯಬೇಕಾದರೆ ಕಾಲರ್ ಹಾಕೋದು ಹೆಣ್ಣಾನೆಯ ಕೊರಳಿಗೆ. ಯಾಕೆಂದರೆ ಹಿಂಡನ್ನು ನಡೆಸೋದು ಅದು. ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ ಅಂತ ಪಾಠ ಮಾಡಿದ್ದು ಈ ಕಾಲರ್ ಇಟ್ಟುಕೊಂಡೇ. ಆವತ್ತು ಯಾರೂ ಗಡಿಯಾರ ನೋಡಲಿಲ್ಲ.

ಮೊದಲ ತಿಂಗಳು ಇನ್ನೊಂದು ಎಡವಟ್ಟಾಯಿತು. ಹುಡುಗರೂ ಬರಲಿ ಅಂತ ಮೂವರನ್ನು ಸೇರಿಸಿಕೊಂಡಿದ್ದೆ. ಒಂದೊಂದು ಲ್ಯಾಪ್‌ಟಾಪಿಗೆ ಇಬ್ಬಿಬ್ಬರು, ಮೂವರು. ಎರಡನೇ ವಾರ ಹಿಂದೆ ನಿಂತು ನೋಡುತ್ತೇನೆ, ಮೂರೂ ಕಡೆ ಮೌಸ್ ಹುಡುಗರ ಕೈಲಿ. ಹುಡುಗಿಯರು ಪಕ್ಕದಲ್ಲಿ ಕೂತು ನೋಟ್ಸ್ ಬರೆಯುತ್ತಿದ್ದಾರೆ! ಅಕ್ಷರ ಮುತ್ತಿನಂತಿದೆ, ಕೆಂಪು ಶಾಯಿಯಲ್ಲಿ ಗೆರೆ ಬೇರೆ. ಯಾರೂ ಯಾರನ್ನೂ ತಳ್ಳಿರಲಿಲ್ಲ. ತಾನಾಗೇ ಹಂಗೆ ಆಗಿತ್ತು. ಆಫೀಸಿನ ಮೀಟಿಂಗುಗಳಲ್ಲಿ "ನೀವೇ ಬರ್ಕೊಳಿ ಮೇಡಂ" ಅಂತ ಮಿನಿಟ್ಸ್ ಬರೆಯೋ ಕೆಲಸ ನನಗೇ ಬರುತ್ತಿದ್ದದ್ದು ನೆನಪಾಯಿತು.

ಅಮ್ಮನ ಅಲಾರಂ ಗಡಿಯಾರ ತಂದು ಮಧ್ಯೆ ಇಟ್ಟೆ. ಹದಿನೈದು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಬೇಕು. ಪಕ್ಕದಲ್ಲಿ ಕೂತವರು ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಕೈ ಮಾತ್ರ ಕಟ್ಟಿಕೊಂಡಿರಬೇಕು. ಮುಟ್ಟಿದರೆ ಆ ವಾರ ಲ್ಯಾಪ್‌ಟಾಪ್ ಒರೆಸೋದು ಅವರೇ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ಪೇರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ. ಮೊದಲ ದಿನ ಒಬ್ಬಳು ಕೀಬೋರ್ಡ್ ಮುಂದೆ ಕೂತು ಐದು ನಿಮಿಷ ಏನನ್ನೂ ಒತ್ತಲಿಲ್ಲ. "ಕೆಟ್ಟೋದ್ರೆ?" ಅಂದಳು. ಕೆಡಿಸು ಅಂದೆ. ನನ್ನ ಕೆಲಸವೇ ಅದು, ಬೇರೆಯವರು ಮಾಡಿದ್ದನ್ನು ಕೆಡಿಸಿ ನೋಡೋದು, ತಪ್ಪು ಹುಡುಕೋದು. ಅದಕ್ಕೆ ತಿಂಗಳಿಗೆ ಸಂಬಳ ಕೊಡುತ್ತಾರೆ ಅಂದಾಗ ಎಲ್ಲರೂ ನಕ್ಕರು. "ನಮ್ಮಜ್ಜಿ ಪುಕ್ಕಟೆ ಮಾಡ್ತಾರಕ್ಕ!"

ಕಲಿಸಿದ್ದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ. ಲ್ಯಾಪ್‌ಟಾಪುಗಳು ಹಳೆಯವು, ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಹೇಗೋ ಓಡುತ್ತವೆ. ಪೈಥಾನಿಗೆ ನೆಟ್ ಬೇಕಾಗಿಲ್ಲ, ಅದು ದೊಡ್ಡ ಅನುಕೂಲ. ನಮ್ಮಲ್ಲಿ ಮಳೆಗಾಲದಲ್ಲಿ ನೆಟ್ ಇರಲಿ, ಕರೆಂಟೇ ಎರಡು ಮೂರು ದಿನ ಇರುವುದಿಲ್ಲ. ಅಂಥ ಭಾನುವಾರ ಹುಡುಗಿಯರನ್ನೇ ಸಾಲಾಗಿ ನಿಲ್ಲಿಸಿ, ಪಕ್ಕದವಳಿಗಿಂತ ಎತ್ತರ ಇದ್ದರೆ ಜಾಗ ಬದಲಿಸಿ, ಕೊನೆವರೆಗೆ ಹೋಗಿ ಮತ್ತೆ ಮೊದಲಿಂದ ಬನ್ನಿ ಅಂತ ಆಡಿಸುತ್ತಿದ್ದೆ. ಕಂಪ್ಯೂಟರ್ ಸಂಖ್ಯೆಗಳನ್ನು ಜೋಡಿಸೋ ಒಂದು ವಿಧಾನ ಅದೇ.

ಪೈಥಾನಿನಲ್ಲಿ ವೇರಿಯಬಲ್ ಹೆಸರನ್ನು, ಅಂದರೆ ಒಂದೊಂದು ಲೆಕ್ಕಕ್ಕೆ ನಾವಿಡೋ ಹೆಸರನ್ನು, ಕನ್ನಡದಲ್ಲೂ ಬರೆಯಬಹುದು. ತೂಕ, ದರ, ಒಟ್ಟು ಅಂತ ಬರೆದರೂ ಅದು ಓಡುತ್ತದೆ. ಹುಡುಗಿಯರಿಗೆ ಭಾರೀ ಖುಷಿ. ಆದರೆ ಕನ್ನಡ ಕೀಬೋರ್ಡಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಹಾರಿ ಹಾರಿ ಸುಸ್ತಾಗಿ, ಎರಡು ತಿಂಗಳಾದ ಮೇಲೆ ಅವರೇ ಇಂಗ್ಲಿಷ್ ಅಕ್ಷರದಲ್ಲಿ ತೂಕ ಅಂತ ಬರೆಯೋಕೆ ಶುರು ಮಾಡಿದರು. ನಾನೂ ಸುಮ್ಮನಾದೆ.

ಈಗ ಬಟವಾಡೆ ವಿಷಯ. 2023ರ ಜನವರಿ, ಕಾಫಿ ಕುಯ್ಲಿನ ಕಾಲ. ಒಂಬತ್ತನೇ ಕ್ಲಾಸಿನ ಒಬ್ಬಳು ಎರಡು ವಾರ ಬಂದಿರಲಿಲ್ಲ. ತಾಯಿ ತೋಟಕ್ಕೆ ಹೋಗುತ್ತಾರೆ, ತಮ್ಮನನ್ನು ನೋಡಿಕೊಳ್ಳೋಕೆ ಇವಳು ಮನೇಲಿ ಇರಬೇಕು. ಒಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ತೋಟದ ಕೂಲಿಯವರ ಸಾಲುಮನೆಗೆ, ಅವರ ಲೈನ್ ಮನೆಗೇ ಹೋದೆ. ಕುಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ಸಂಜೆ ಹಣ್ಣು ತೂಗಿ ರೈಟರ್, ಅಂದರೆ ತೋಟದ ಲೆಕ್ಕದವರು, ಬರೆದುಕೊಳ್ಳುತ್ತಾರೆ, ವಾರಕ್ಕೊಮ್ಮೆ ಬಟವಾಡೆ. ಆ ತಾಯಿಗೆ ಓದು ಬರಹ ಬಾರದು. ತೂಕ ಮಾತ್ರ ದಿನದ್ದು ದಿನ ಮಗಳ ಕೈಲಿ ಕ್ಯಾಲೆಂಡರ್ ಮೇಲೆ ಬರೆಸಿಟ್ಟಿದ್ದರು.

ಆ ಕ್ಯಾಲೆಂಡರನ್ನೇ ಪಾಠ ಮಾಡೋಣ ಅಂದೆ. ಕೆಜಿಗೆ ಐದು ರೂಪಾಯಿ ಅಂತಿಟ್ಟುಕೊಂಡು, ಆರು ದಿನದ ತೂಕ ಕೂಡಿ, ದರದಿಂದ ಗುಣಿಸಿ, ಮುಂಗಡ ತಗೊಂಡಿದ್ದ 500 ರೂಪಾಯಿ ಕಳೆಯೋ ಪ್ರೋಗ್ರಾಂ. ಹತ್ತು ಸಾಲೂ ಇಲ್ಲ. ಅವಳೇ ಬರೆದಳು. ಮೊದಲ ದಿನದ ತೂಕ 83.5 ಅಂತ ಒತ್ತಿದ ತಕ್ಷಣ ಪರದೆ ತುಂಬ ಎರರ್. ಅವಳು ಬರೆದಿದ್ದು ಇಂಟ್, ಅಂದರೆ ಪೂರ್ಣ ಸಂಖ್ಯೆ ಮಾತ್ರ ತಗೋ ಅಂತ. 83.5 ಕೊಟ್ಟರೆ ಅದು ಒಪ್ಪುವುದಿಲ್ಲ. ನಾನು ಕೈ ಕಟ್ಟಿಕೊಂಡು ಕೂತಿದ್ದೆ, ರೂಲ್ಸ್ ನನಗೂ ಇದೆಯಲ್ಲ. ಅವಳು ಸ್ವಲ್ಪ ಯೋಚಿಸಿ 83 ಅಂತ ಒತ್ತಿದಳು. ಓಡಿತು! 76, 91, 64, 88, 79. ಒಟ್ಟು 481 ಕೆಜಿ, ಮುಂಗಡ ಕಳೆದು 1905 ರೂಪಾಯಿ. ಅವಳ ಮುಖದಲ್ಲಿ ಗೆದ್ದ ಕಳೆ.

ಒಲೆ ಮುಂದೆ ಕೂತಿದ್ದ ತಾಯಿ ಅಲ್ಲಿಂದಲೇ ಕೇಳಿದರು. "ಅರ್ಧ ಕೆಜಿ ಎಲ್ಲೋಯ್ತು?"

ಎಂಬತ್ತಮೂರೂವರೆ, ತೊಂಬತ್ತೊಂದೂವರೆ, ಎಪ್ಪತ್ತೊಂಬತ್ತೂವರೆ. ಮೂರು ಅರ್ಧ ಬಿಟ್ಟೋಯ್ತು, ಏಳೂವರೆ ರೂಪಾಯಿ ಕಮ್ಮಿ ಬಂತು. ಎದ್ದು ಬರದೆ, ಬೆರಳು ಮಡಿಸದೆ ಹೇಳಿದರು. "ರೈಟರು ನುಂಗೋದು ಸಾಲ್ದು ಅಂತ ನಿನ್ ಕಂಪ್ಯೂಟ್ರೂ ನುಂಗ್ತದಾ?"

ನನಗೆ ನಗು ತಡೆಯಲಾಗಲಿಲ್ಲ. ಟೆಸ್ಟಿಂಗ್ ಕೆಲಸಕ್ಕೆ ನಾನು ಎಷ್ಟೋ ಜನರ ಇಂಟರ್ವ್ಯೂ ಮಾಡಿದ್ದೇನೆ. ಇಷ್ಟು ಬೇಗ ತಪ್ಪು ಹಿಡಿದವರನ್ನು ಕಂಡಿಲ್ಲ. ಎರರ್ ಬಂದರೆ ಹೆದರಬೇಡ, ಆದರೆ ಎರರ್ ಹೋಯಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಲ್ಲ ಅಂತ ನಾನು ಎರಡು ತಿಂಗಳಿಂದ ಹೇಳುತ್ತಿದ್ದದ್ದು ಆ ಹುಡುಗಿಗೆ ಆವತ್ತು ಅರ್ಥ ಆಯಿತು. ಇಂಟ್ ತೆಗೆದು, ದಶಮಾಂಶವನ್ನೂ ತಗೊಳ್ಳೋ ಫ್ಲೋಟ್ ಹಾಕಿದಳು. 482.5 ಕೆಜಿ, ಕೈಗೆ 1912 ರೂಪಾಯಿ 50 ಪೈಸೆ. ತಾಯಿ ತಲೆ ಆಡಿಸಿದರು. ಮುಂದಿನ ಭಾನುವಾರದಿಂದ ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಕ್ಲಾಸಿಗೆ ಬಂದಳು. ಅವನು ನಮ್ಮಮ್ಮನ ಅಡುಗೆಮನೆಯಲ್ಲಿ ಬೆಲ್ಲ ತಿನ್ನುತ್ತಾ ಕೂತಿರುತ್ತಿದ್ದ.

ನಾನು ಕೆಡಿಸಿದ್ದನ್ನೂ ಹೇಳಬೇಕು. ಮೊದಲ ಬ್ಯಾಚಿನ ಇನ್ನೊಬ್ಬಳು ತುಂಬ ಚುರುಕು. 2022ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಪಿಯುಸಿ ಸೈನ್ಸ್ ತಗೋ, ಸಿಇಟಿ ಬರಿ, ಇಂಜಿನಿಯರಿಂಗ್ ಮಾಡು ಅಂತ ತಲೆ ತಿಂದೆ. ಅವಳ ಅಪ್ಪ "ಅಷ್ಟೆಲ್ಲ ಬೇಡ ಮೇಡಂ, ಬೇಗ ಕೆಲ್ಸ ಸಿಗಂಥದ್ದು ಏನಾದ್ರೂ ಹೇಳಿ" ಅಂದರೂ ಕೇಳಲಿಲ್ಲ. ನನಗೆ ಗೊತ್ತಿದ್ದ ದಾರಿ ಅದೊಂದೇ, ನಾನು ಬಂದ ದಾರಿ. ಹಾಸನದ ಹಾಸ್ಟೆಲ್, ಪೂರ್ತಿ ಇಂಗ್ಲಿಷಿನಲ್ಲಿ ಫಿಸಿಕ್ಸು, ಟ್ಯೂಷನ್ ಫೀಸು. ಆರು ತಿಂಗಳಿಗೆ ವಾಪಸ್ ಬಂದಳು. ಒಂದು ವರ್ಷ ಹೋಯಿತು. ಅವಳಪ್ಪ ನನ್ನನ್ನು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆಮೇಲೆ ನಾನು ಕೂತು ಬೇರೆ ದಾರಿಗಳನ್ನು ತಿಳಿದುಕೊಂಡೆ. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರವಾಗಿ ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಮುಗಿಸಿ ಕೆಲಸಕ್ಕೂ ಹೋಗಬಹುದು, ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೂ ಸೇರಬಹುದು. ಐಟಿಐನಲ್ಲಿ ಕೋಪಾ ಅಂತ ಒಂದು ವರ್ಷದ ಕಂಪ್ಯೂಟರ್ ಟ್ರೇಡ್ ಇದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಹೆಣ್ಣುಮಕ್ಕಳಿಗೇ ಇರೋದು. ಡಿಪ್ಲೊಮಾಕ್ಕೂ ಉಂಟು, ಡಿಗ್ರಿಗೂ ಉಂಟು. ವರ್ಷಕ್ಕೆ 50,000 ರೂಪಾಯಿ, ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಈಗ ಯಾರ ಮನೆಗೆ ಹೋದರೂ "ನಿಮ್ಮ ಮಗಳು ಇಂಜಿನಿಯರ್ ಆಗ್ತಾಳೆ" ಅನ್ನೋದಿಲ್ಲ. ಎಷ್ಟು ವರ್ಷ, ಎಷ್ಟು ಖರ್ಚು, ಹಾಸ್ಟೆಲ್ ಎಲ್ಲಿ, ಎಲ್ಲಿಗೆ ಹೋದರೆ ನಡುವೆ ನಿಲ್ಲಿಸಿದರೂ ಕೈಗೊಂದು ಸರ್ಟಿಫಿಕೇಟ್ ಸಿಗುತ್ತದೆ ಅಂತ ಹೇಳುತ್ತೇನೆ. ಅಪ್ಪಂದಿರು ಆಗ ಬೀಡಿ ಆರಿಸಿ ಕೂತು ಕೇಳುತ್ತಾರೆ.

ಬಸ್ಸು ಫ್ರೀ ಆದ ವರ್ಷ ಎಲ್ಲರನ್ನೂ ಕರೆದುಕೊಂಡು ಹಾಸನಕ್ಕೆ ಹೋಗಿದ್ದೆ. ಸಾಲಗಾಮೆ ರಸ್ತೆಯಲ್ಲೇ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ. ಉಪಗ್ರಹಗಳನ್ನು ನಿಯಂತ್ರಿಸೋ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರೋದೂ ಅದೇ ರಸ್ತೆಯಲ್ಲಿ, ಅದು ಬಂದದ್ದು 1982ರಲ್ಲಿ. ಒಳಗೆ ಬಿಡೋದಿಲ್ಲ, ಹೊರಗಿನಿಂದಲೇ ತೋರಿಸಿದೆ. 2011ರ ಜುಲೈ 15ಕ್ಕೆ ಶ್ರೀಹರಿಕೋಟಾದಿಂದ ಜಿಸ್ಯಾಟ್-12 ಅನ್ನೋ ಸಂಪರ್ಕ ಉಪಗ್ರಹ ಹಾರಿತು. ಆಮೇಲೆ ಅದನ್ನು ಸುಮಾರು 36,000 ಕಿಲೋಮೀಟರ್ ಎತ್ತರದ ಜಾಗಕ್ಕೆ ಹಂತ ಹಂತವಾಗಿ ಏರಿಸಿದ್ದು ಇಲ್ಲಿಂದ, ನಮ್ಮ ಹಾಸನದಿಂದ. ಅದರ ಪ್ರಾಜೆಕ್ಟ್ ಡೈರೆಕ್ಟರ್ ಟಿ.ಕೆ. ಅನುರಾಧ ಅಂದೆ. ಒಬ್ಬಳು ಕೈ ಎತ್ತಿದಳು. "ಅಂಥ ಕೆಲ್ಸದಲ್ಲಿ ರಾತ್ರಿ ಪಾಳಿ ಇರ್ತದಾ ಅಕ್ಕ? ಮನೆಗೆ ಹೆಂಗೆ ಹೋಗ್ತಾರೆ?"

ನೋಡಿ, ಮತ್ತೆ ಬಸ್ಸಿಗೇ ಬಂತು. ಉಪಗ್ರಹದ ಕೆಲಸದಲ್ಲಿ ರಾತ್ರಿ ಹಗಲು ಅಂತಿಲ್ಲ, ಯಾರಾದರೂ ಕಾಯುತ್ತಲೇ ಇರಬೇಕು ಅಂದೆ. ಐಟಿ ಕಂಪನಿಯಲ್ಲಿ ಹೆಂಗಸರಿಗೆ ರಾತ್ರಿ ಪಾಳಿ ಹಾಕಿದರೆ ಮನೆಯವರೆಗೆ ಬಿಡೋಕೆ ವಾಹನ ಕೊಡಬೇಕು ಅಂತ ನಿಯಮ ಇದೆ ಅಂತಲೂ ಹೇಳಿದೆ. ನಾನು ಕ್ಯಾಬಿನಲ್ಲಿ ರಾತ್ರಿ ಎರಡಕ್ಕೆ ಮನೆ ಸೇರಿದ್ದು, ಅಮ್ಮ ಫೋನ್ ಹಿಡಿದು ಎದ್ದೇ ಇರುತ್ತಿದ್ದದ್ದು ಎಲ್ಲ ಹೇಳಿದೆ. ವಾಪಸ್ ಬರುವಾಗ ಬಸ್ಸಲ್ಲಿ ಅದೇ ಮಾತು.

ವರ್ಷ ಕಳೆದುಕೊಂಡ ಹುಡುಗಿ 2023ರಲ್ಲಿ ಡಿಪ್ಲೊಮಾ ಸೇರಿದಳು. ಬಟವಾಡೆ ಹುಡುಗಿ ಮರುವರ್ಷ ಸೇರಿದಳು. ನಾಲ್ಕೈದು ಜನ ಬಿಟ್ಟೂ ಹೋದರು, ಒಬ್ಬಳಿಗೆ ಮದುವೆಯಾಯಿತು. ಟೈಲರಿಂಗ್ ಅಂಗಡಿ ಇಟ್ಟ ಒಬ್ಬಳು ಗಿರಾಕಿಗಳ ಅಳತೆ ಎಲ್ಲ ಸ್ಪ್ರೆಡ್‌ಶೀಟಿನಲ್ಲಿ ಇಟ್ಟಿದ್ದಾಳೆ.

ಹೋದ ತಿಂಗಳು ಬಟವಾಡೆ ಹುಡುಗಿ ರಜಕ್ಕೆ ಬಂದಿದ್ದಳು. ಈ ಸಲ ಕುಯ್ಲಿಗೆ ಊರಿನ ಹೆಂಗಸರೆಲ್ಲ ಬಳಸೋ ಹಾಗೆ ಅದೇ ಲೆಕ್ಕವನ್ನು ಮೊಬೈಲಿಗೆ ಮಾಡಬೇಕಂತೆ. ಓದು ಬಾರದವರಿಗೂ ಆಗಬೇಕು ಅಂತ ಗುಂಡಿಗಳ ಮೇಲೆ ಅಕ್ಷರದ ಬದಲು ತಕ್ಕಡಿ, ನೋಟು, ಕುಕ್ಕೆ ಚಿತ್ರ ಹಾಕಿದ್ದಾಳೆ. ನೋಡುತ್ತಾ ಒಂದು ಕಡೆ ತಪ್ಪು ಕಾಣಿಸಿತು. ಸರಿ ಮಾಡೋಣ ಅಂತ ಅಭ್ಯಾಸಬಲದಿಂದ ಕೀಬೋರ್ಡಿಗೆ ಕೈ ಚಾಚಿದೆ.

"ಅಕ್ಕ, ಕೈ ಕಟ್ಕೊಳಿ," ಅಂದಳು. "ಬಾಯಲ್ಲಿ ಹೇಳಿ."