ಗಾಳಕ್ಕೆ ಗರಿ ಕಟ್ಟುವ ಹವ್ಯಾಸ: ಮೊದಲ ಫ್ಲೈಗೆ ವೂಲಿ ಬಗ್ಗರ್

ಅಮೆರಿಕದ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ಹೊಳೆಗೆ ಇಳಿಯುವವರು ಕಡಿಮೆ. ಟ್ರೌಟ್ ಮೀನಿಗೆ ಗಾಳ ಹಾಕುವವರು ಆಗ ಕೈಕಟ್ಟಿ ಕೂರುವುದಿಲ್ಲ. ಟೇಬಲ್ ಸುತ್ತ ಸೇರಿ ಗಾಳಕ್ಕೆ ಗರಿ, ನೂಲು, ತಂತಿ ಸುತ್ತಿ ಕೃತಕ ಹುಳು, ಅಂದರೆ ಫ್ಲೈ, ಮಾಡುತ್ತಾರೆ. ಇದೇ ಫ್ಲೈ ಟೈಯಿಂಗ್. ಕಾವೇರಿಯ ಮಹಶೀರ್‌ಗೆ ರಾಗಿ ಉಂಡೆ ಸಿಕ್ಕಿಸಿ ಗಾಳ ಹಾಕಿದವರಿಗೆ ಇದು ಬೇರೆಯದೇ ಲೋಕ. ಇಲ್ಲಿ ತಿನ್ನುವ ಎರೆ ಇರುವುದೇ ಇಲ್ಲ. ನೀರಲ್ಲಿ ಗರಿ ಅಲ್ಲಾಡುವ ರೀತಿ ನೋಡಿಯೇ ಮೀನು ಬಾಯಿ ಹಾಕಬೇಕು.

ದುಡ್ಡು ಉಳಿಯುತ್ತೆ ಅಂತ ಇದಕ್ಕೆ ಕೈ ಹಾಕಬೇಡಿ. ಗರಿ, ನೂಲು ಕೊಳ್ಳುತ್ತಾ ಹೋದರೆ ಖರ್ಚೇ ಜಾಸ್ತಿ. ನೀವೇ ಕಟ್ಟಿದ ಹುಳುವನ್ನು ಮೀನು ನಂಬಿತಲ್ಲ, ಆ ಖುಷಿಗೆ ಕಲಿಯಿರಿ. ಜೊತೆಗೆ ಟೇಬಲ್ ಸುತ್ತ ಸಿಗುವ ಸ್ನೇಹಕ್ಕೆ. ಹೊಸಬರಿಗೆ ನಾನು ಹೇಳುವುದಿಷ್ಟೇ: ಹತ್ತು ಮಾದರಿಗಳ ಹಿಂದೆ ಓಡದೆ, ಒಂದೇ ಮಾದರಿಯನ್ನು ಗೊತ್ತಿರುವವರ ಪಕ್ಕ ಕೂತು ಮತ್ತೆ ಮತ್ತೆ ಕಟ್ಟಿ.

ಆ ಒಂದು ಮಾದರಿ ವೂಲಿ ಬಗ್ಗರ್ ಆಗಿರಲಿ. 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸ್ಸಿಂಗ್ ಇದನ್ನು ಕಟ್ಟಿದರು ಎನ್ನುತ್ತಾರೆ. ಅವರ ಮನಸ್ಸಿನಲ್ಲಿದ್ದದ್ದು ಕಲ್ಲಿನಡಿ ಬದುಕುವ ಒಂದು ನೀರುಹುಳದ ಮರಿ. ಆದರೆ ಮೀನಿನ ಕಣ್ಣಿಗೆ ಇದು ಜಿಗಣೆ, ಸಣ್ಣ ಮೀನು, ಸೀಗಡಿ, ಏನು ಬೇಕಾದರೂ ಆಗಬಹುದು. ಕಟ್ಟಿದ್ದು ಸ್ವಲ್ಪ ಸೊಟ್ಟಗಾದರೂ ಕೆಲಸ ಮಾಡುತ್ತದೆ.

ಏನೇನು ಬೇಕು?

ಗಾಳ ಹಿಡಿದು ನಿಲ್ಲಿಸುವ ಪುಟ್ಟ ವೈಸ್, ನೂಲಿಗೆ ಬಾಬಿನ್, ಚೂಪು ಕತ್ತರಿ, ಗರಿಯ ತುದಿ ಹಿಡಿಯಲು ಚಿಕ್ಕ ಕ್ಲಿಪ್. ಕತ್ತರಿ ಒಳ್ಳೆಯದಿರಲಿ, ಉಳಿದದ್ದು ಸಾಧಾರಣವಾದರೂ ನಡೆಯುತ್ತದೆ. ಉದ್ದ ದಂಟಿನ (ಕಣ್ಣಿನಿಂದ ಬಾಗಿನ ತನಕದ ನೇರ ಭಾಗ) 8ನೇ ಅಥವಾ 10ನೇ ನಂಬರ್ ಗಾಳ ತೆಗೆದುಕೊಳ್ಳಿ. ಬಾಲಕ್ಕೆ ಮರಬೂ ಗರಿ ಬೇಕು. ಹಿಂದೆ ಇದು ಮರಬೂ ಕೊಕ್ಕರೆಯಿಂದ ಬರುತ್ತಿತ್ತು, ಈಗ ಮಾರುವುದು ಟರ್ಕಿ ಕೋಳಿಯ ಪುಕ್ಕ. ಮೈಗೆ ಚೆನಿಲ್ ಎಂಬ ಜುಂಗಿನ ನೂಲು, ಇಲ್ಲದಿದ್ದರೆ ಉಣ್ಣೆ ನೂಲು. ತೆಳು ತಾಮ್ರದ ತಂತಿ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಇನ್ನು ಹುಂಜದ ಉದ್ದ ಗರಿ. ನಾಟಿ ಹುಂಜದ್ದಾದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕವರ್‌ನಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಇಲ್ಲದಿದ್ದರೆ ನುಸಿ ಬಿದ್ದು ಡಬ್ಬಿಯ ಗರಿಯೆಲ್ಲ ಹಾಳು.

ಕಟ್ಟುವ ಕ್ರಮ

ಗಾಳದ ತುದಿಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಮೀನನ್ನು ವಾಪಸ್ ಬಿಡುವಾಗ ಅದರ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ದಂಟು ನೆಲಕ್ಕೆ ಸಮನಾಗಿರುವಂತೆ ಗಾಳವನ್ನು ವೈಸ್‌ಗೆ ಕಚ್ಚಿಸಿ.

ಗಾಳದ ಕಣ್ಣಿನಿಂದ 3 ಮಿಲಿಮೀಟರ್ ಹಿಂದೆ ನೂಲು ಶುರು ಮಾಡಿ. ಸುತ್ತು ನಿಮ್ಮ ಕಡೆಯಿಂದ ಮೇಲೇರಿ ಆಚೆ ಇಳಿಯಲಿ. ಬಾಗು ಶುರುವಾಗುವ ತನಕ ಒತ್ತೊತ್ತಾಗಿ ಸುತ್ತಿ. ಮುಂದೆ ಬಿಟ್ಟ ಆ ಜಾಗವನ್ನು ಕೊನೆತನಕ ಖಾಲಿ ಕಾಪಾಡಿಕೊಳ್ಳಿ. ಹೊಸಬರ ಫ್ಲೈ ಕೆಡುವುದು ಬಹುತೇಕ ಇಲ್ಲೇ. ಎಲ್ಲವನ್ನೂ ಮುಂದಕ್ಕೆ ತುರುಕಿ, ಆಮೇಲೆ ದಾರ ಪೋಣಿಸಲು ಕಣ್ಣೇ ಕಾಣುವುದಿಲ್ಲ.

ಈಗ ಬಾಲ. ಮರಬೂ ಹತ್ತಿಗಿಂತ ಹಗುರ, ಉಸಿರು ಬಿಟ್ಟರೂ ಹಾರುತ್ತದೆ. ಬೆರಳು ಒದ್ದೆ ಮಾಡಿ ಸವರಿ, ಆಗ ಅದು ಒಂದು ಎಳೆಯಂತೆ ಕೂಡಿಕೊಳ್ಳುತ್ತದೆ. ದಂಟಿನ ಪಕ್ಕ ಹಿಡಿದು ಅಳೆಯಿರಿ, ಬಾಲ ದಂಟಿನಷ್ಟೇ ಉದ್ದ ಸಾಕು. ಜಾಸ್ತಿಯಾದರೆ ಗಾಳಕ್ಕೆ ತೊಡರಿಕೊಳ್ಳುತ್ತದೆ. ಬಾಗಿನ ಹತ್ತಿರ ಬಿಗಿದು, ಉಳಿದ ಬುಡವನ್ನು ಕತ್ತರಿಸದೆ ದಂಟಿನುದ್ದಕ್ಕೂ ಮಲಗಿಸಿ ನೂಲು ಸುತ್ತಿ. ಹೀಗೆ ಮಾಡಿದರೆ ಮೈ ಏರುತಗ್ಗಿಲ್ಲದೆ ಬರುತ್ತದೆ.

ಬಾಲದ ಬುಡದಲ್ಲೇ ತಾಮ್ರದ ತಂತಿ ಕಟ್ಟಿ ಹಿಂದೆ ನೇತುಬಿಡಿ. ಚೆನಿಲ್‌ನ ತುದಿಯನ್ನು ಉಗುರಿನಿಂದ ಕೆರೆಯಿರಿ. ಜುಂಗು ಉದುರಿ ಒಳಗಿನ ತೆಳು ದಾರ ಕಾಣುತ್ತದೆ. ಅದನ್ನಷ್ಟೇ ಕಟ್ಟಿದರೆ ಗಂಟು ಊದಿಕೊಳ್ಳುವುದಿಲ್ಲ. ನೂಲನ್ನು ಮುಂದಕ್ಕೆ ತಂದು, ಚೆನಿಲ್ ಅನ್ನೂ ಪಕ್ಕಪಕ್ಕ ಸುತ್ತುತ್ತಾ ಮುಂದೆ ತಂದು ಬಿಗಿಯಿರಿ.

ಹುಂಜದ ಗರಿಯನ್ನು ಬುಡದ ಕಡೆಯಿಂದ ಮುಂಭಾಗದಲ್ಲಿ ಕಟ್ಟಿ. ತುದಿಯನ್ನು ಕ್ಲಿಪ್‌ನಲ್ಲಿ ಹಿಡಿದು, ಬಾಲದ ತನಕ ಅಂತರ ಬಿಟ್ಟು ಐದಾರು ಸುತ್ತು ಹಾಕಿ. ಅಲ್ಲಿ ಕಾಯುತ್ತಿರುವ ತಂತಿಯನ್ನು ಗರಿಯ ತುದಿಯ ಮೇಲೆ ಸುತ್ತಿ ಬಿಗಿದು, ಗರಿಯ ಸುತ್ತುಗಳನ್ನು ಅಡ್ಡ ದಾಟುವಂತೆ ಮುಂದಕ್ಕೆ ತನ್ನಿ. ತಂತಿಯನ್ನು ಅತ್ತಿತ್ತ ಅಲ್ಲಾಡಿಸುತ್ತಾ ಸುತ್ತಿದರೆ ಗರಿಯ ಎಳೆಗಳು ಅದರಡಿ ಸಿಕ್ಕಿ ಮಲಗುವುದಿಲ್ಲ. ಮೀನಿನ ಹಲ್ಲಿಗೆ ಗರಿ ಒಂದು ಕಡೆ ಕಡಿದರೂ ಉಳಿದದ್ದನ್ನು ತಂತಿ ಹಿಡಿದಿರುತ್ತದೆ. ತಂತಿಯನ್ನು ನೂಲಿನಿಂದ ಬಿಗಿದ ಮೇಲೆ ಕತ್ತರಿ ಬೇಡ, ಹಿಂದೆ ಮುಂದೆ ಬಗ್ಗಿಸಿದರೆ ತಾನೇ ತುಂಡಾಗುತ್ತದೆ.

ಮುಂದೆ ನೂಲಿನ ಪುಟ್ಟ ತಲೆ ಮಾಡಿ, ನೂಲಿನ ತುದಿ ಸುತ್ತುಗಳ ಅಡಿಗೇ ಹೋಗುವಂತೆ ಐದು ಸುತ್ತಿನ ಗಂಟನ್ನು ಎರಡು ಸಲ ಹಾಕಿ. ಮೇಲೊಂದು ಹನಿ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಒಣಗಿದ ಮೇಲೆ ಗಾಜಿನ ಲೋಟದ ನೀರಲ್ಲಿ ಇಳಿಬಿಟ್ಟು ಎಳೆದು ನೋಡಿ. ಮರಬೂ ಉಸಿರಾಡುವ ಹಾಗೆ ಅಲ್ಲಾಡಿದರೆ ಸರಿಯಾಗಿದೆ.

ಗರಿಯ ವಿಷಯದಲ್ಲಿ ಎಚ್ಚರ

ಸಾಲ್ಮನ್ ಮೀನಿಗೆಂದು ಕಟ್ಟುವ ಹಳೆಯ ಮಾದರಿಯ ಫ್ಲೈಗಳಿಗೆ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯ ಕತ್ತಿನ ಗರಿ ಎಂದರೆ ಪ್ರಾಣ. ಮೇಣ ಹಚ್ಚಿದಂತೆ ಹೊಳೆಯುವ ಹಳದಿ ಚುಕ್ಕೆ ಅದರಲ್ಲಿದೆ. ಆದರೆ ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಡಲ್ಲಿ ಬಿದ್ದಿದ್ದರೂ ಮುಟ್ಟಬೇಡಿ. ಇಂಗ್ಲೆಂಡಿನಲ್ಲಿ ಸಾಕಿದ ಹಕ್ಕಿಗಳ ಗರಿಯೇ ಅಲ್ಲಿನವರಿಗೆ ಆಧಾರ. ಅಪರೂಪದ ಗರಿಯ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಿಂದ 299 ಹಕ್ಕಿಗಳ ಒಣಗಿಸಿದ ಚರ್ಮ ಕಳುವಾದದ್ದೇ ಸಾಕ್ಷಿ. ತಾನಾಗಿ ಉದುರಿದ ನವಿಲುಗರಿಯನ್ನು ದೇಶದೊಳಗೆ ಬಳಸಬಹುದು, ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದ ಗೆಳೆಯರು ಕೇಳಿದರೂ ಕವರ್‌ನಲ್ಲಿ ಹಾಕಿ ಕಳಿಸಬೇಡಿ. ಕಾವೇರಿಯಲ್ಲಿ ಗಾಳ ಹಾಕುವ ಆಸೆಯಿದ್ದರೆ ಅನುಮತಿ ಮೊದಲು. ಅಲ್ಲಿನ ಗೂನು ಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ.

ಜೊತೆಯಾಗಿ ಕಟ್ಟುವುದು

ಕೈ, ಕಣ್ಣು ಎರಡೂ ಗಾಳದ ಮೇಲೆ ಇರುವುದರಿಂದ ಈ ಟೇಬಲ್ ಸುತ್ತ ಮಾತು ತಾನಾಗಿ ಬರುತ್ತದೆ. ಮುಖ ನೋಡಿ ಹೇಳಲಾಗದ್ದನ್ನೂ ಜನ ಹೇಳಿಕೊಳ್ಳುತ್ತಾರೆ. 2005ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರಿಗಾಗಿ ಶುರುವಾದ ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಇವತ್ತಿಗೂ ಫ್ಲೈ ಕಟ್ಟುವುದನ್ನು ಕಲಿಸುತ್ತದೆ. ಪೆಟ್ಟಾದ ಬೆರಳಿಗೂ ಇದು ವ್ಯಾಯಾಮ.

ಹತ್ತಿರ ಕಟ್ಟುವವರು ಯಾರೂ ಇಲ್ಲವೇ? ಹಾಗಿದ್ದರೆ ವಿನಿಮಯಕ್ಕೆ ಸೇರಿ. ಹನ್ನೆರಡು ಜನ ಸೇರಿದರೆ ಪ್ರತಿಯೊಬ್ಬರೂ ಒಂದೇ ಮಾದರಿಯ ಹನ್ನೆರಡು ಫ್ಲೈ ಕಟ್ಟಿ ಒಬ್ಬರಿಗೆ ಕಳಿಸುತ್ತಾರೆ. ಅವರು ಹಂಚಿ ವಾಪಸ್ ಕಳಿಸಿದ ಡಬ್ಬಿಯಲ್ಲಿ ಹನ್ನೆರಡು ಕೈಗಳ ಕೆಲಸ ಇರುತ್ತದೆ. ಬ್ಲೇಡಿನಿಂದ ನೂಲು ಬಿಚ್ಚುತ್ತಾ ಹೋದರೆ ಯಾರು ಹೇಗೆ ಕಟ್ಟಿದರು ಎಂದೂ ಗೊತ್ತಾಗುತ್ತದೆ. ಪ್ರತಿ ಫ್ಲೈಗೂ ಮಾದರಿ, ಗಾಳದ ನಂಬರ್, ಕಟ್ಟಿದವರ ಹೆಸರು ಬರೆದ ಚೀಟಿ ಸಿಕ್ಕಿಸಿ ಕಳಿಸುವುದು ಅಲ್ಲಿನ ರೂಢಿ.