ಲೀಟರಿಗೆ ಎಷ್ಟು ದೂರ? ಸಣ್ಣ ವಿಮಾನಗಳ ಸ್ಪರ್ಧೆಗೆ ನಿಯಮ ಬರೆದ ಅನುಭವ

ಸಣ್ಣ ವಿಮಾನ ಇಟ್ಟುಕೊಂಡವರ ನಡುವೆ ಇಂಧನದ ಮಾತು ಬಂದರೆ ಎಲ್ಲರೂ ಹರಿಶ್ಚಂದ್ರರೇ. ಆದರೆ ಯಾರ ಲೆಕ್ಕವೂ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಒಬ್ಬರು ಗಾಳಿ ಹಿಂದಿನಿಂದ ತಳ್ಳಿದ ದಿನದ ಅಂಕಿ ಹೇಳುತ್ತಾರೆ, ಇನ್ನೊಬ್ಬರು ಕೆಳಗಿಳಿಯುವಾಗ ಮೀಟರ್ ನೋಡಿರುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದ ನಮ್ಮ ಪುಟ್ಟ ವಿಮಾನ ನಿಲ್ದಾಣದಲ್ಲಿ, ಸ್ವಂತ ಕೈಯಿಂದ ವಿಮಾನ ಕಟ್ಟಿಕೊಂಡ ಕೆಲವರು ಸೇರಿ ಮಿತವ್ಯಯದ ಸ್ಪರ್ಧೆ ಶುರು ಮಾಡಿದ್ದು ಈ ಬಾಯಿಲೆಕ್ಕಗಳ ಕಾಟ ತಾಳಲಾರದೆ. ನನ್ನದು ಆರ್‌ವಿ-9ಎ, ಎರಡು ಸೀಟಿನ ಲೋಹದ ವಿಮಾನ. ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಈ ಸೀಮೆಯಲ್ಲಿ ಇಂಥ ಸ್ಪರ್ಧೆಗಳಿಗೆ ಒಂದು ಪರಂಪರೆಯೇ ಇದೆ. ಸಾಂಟಾ ರೋಸಾದ ಕೆಫೆ (CAFE) ಫೌಂಡೇಶನ್ ಎಂಬ ಸಂಸ್ಥೆ 1980ರ ದಶಕದಲ್ಲಿ 400 ಮೈಲಿಯ ಮಿತವ್ಯಯ ಸ್ಪರ್ಧೆ ನಡೆಸುತ್ತಿತ್ತು. ಆಮೇಲೆ ಹವ್ಯಾಸಿಗಳು ಕಟ್ಟಿದ ವಿಮಾನಗಳನ್ನು ತೂಗಿ, ಹಾರಿಸಿ, ಅಳೆದು ವರದಿ ಪ್ರಕಟಿಸುವ ಕೆಲಸಕ್ಕೆ ಇಳಿಯಿತು. ಅವರ ಅಂಕಸೂತ್ರ ನಮಗೆ ಸಿದ್ಧವಾಗಿ ಸಿಕ್ಕಿತು: ವೇಗದ 1.3ನೆಯ ಘಾತ, ಗ್ಯಾಲನ್ನಿಗೆ ಸಿಗುವ ಮೈಲಿ, ಹೊತ್ತ ಭಾರದ 0.6ನೆಯ ಘಾತ, ಈ ಮೂರರ ಗುಣಲಬ್ಧ.

ಈ 1.3 ಯಾಕೆ ಎಂದು ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ವಿಮಾನಕ್ಕೆ ಎರಡು ಬಗೆಯ ಗಾಳಿತಡೆ: ಒಂದು ವೇಗದ ವರ್ಗದಷ್ಟು ಏರುತ್ತದೆ, ಇನ್ನೊಂದು ಅಷ್ಟೇ ಇಳಿಯುತ್ತದೆ. ಎರಡೂ ಸಮವಾಗುವ ವೇಗದಲ್ಲಿ ಒಟ್ಟು ತಡೆ ಕನಿಷ್ಠ. ಎಂಜಿನ್ ನಿಂತರೆ ಅತಿ ದೂರ ತೇಲುವ ವೇಗವೂ ಅದೇ. ನನ್ನ ವಿಮಾನಕ್ಕೆ ಅದು ಸುಮಾರು 80 ನಾಟ್, ಅಂದರೆ ಗಂಟೆಗೆ 148 ಕಿಲೋಮೀಟರ್. ಬರೀ ಮೈಲೇಜಿಗೆ ಅಂಕ ಕೊಟ್ಟರೆ ಎಲ್ಲರೂ ಈ ವೇಗಕ್ಕೆ ಇಳಿದು, ಮೂಗು ಎತ್ತಿಕೊಂಡು ಎತ್ತಿನಗಾಡಿಯಂತೆ ತೆವಳುತ್ತಾರೆ. ಹಾಗೆ ಪ್ರಯಾಣ ಮಾಡಲು ಯಾರೂ ವಿಮಾನ ಕಟ್ಟುವುದಿಲ್ಲ. ವೇಗ ಮತ್ತು ಮೈಲೇಜನ್ನು ನೇರವಾಗಿ ಗುಣಿಸಿದರೆ ಗೆಲ್ಲುವ ವೇಗ ಆ ತೇಲುವ ವೇಗದ 1.32 ಪಟ್ಟು. ಕಾರ್ಸನ್ ವೇಗ ಎಂದು ಪೈಲಟ್‌ಗಳು ಕರೆಯುವುದು ಇದನ್ನೇ: ವೇಗ ಶೇ 32 ಹೆಚ್ಚು, ಮೈಲಿಗೆ ಸುಡುವ ಇಂಧನ ಶೇ 16 ಮಾತ್ರ ಹೆಚ್ಚು. ಘಾತ 1.3 ಆದರೆ ಗೆಲ್ಲುವ ವೇಗ 1.47 ಪಟ್ಟಿಗೆ, ನನ್ನ ವಿಮಾನದಲ್ಲಿ 118 ನಾಟ್ ಆಸುಪಾಸಿಗೆ ಏರುತ್ತದೆ. ಘಾತವನ್ನು 2 ಮಾಡಿದರೆ ಮಿತಿಯೇ ಇಲ್ಲ. ಥ್ರಾಟಲ್ ಕೊನೆಯವರೆಗೆ ತಳ್ಳಿದವನೇ ಗೆದ್ದ. ವೇಗದ ಹುಚ್ಚಿನ ಗೆಳೆಯರೊಬ್ಬರು 2 ಬೇಕೆಂದು ಹಟ ಹಿಡಿದಿದ್ದರು. ಈ ಲೆಕ್ಕ ನೋಡಿದ ಮೇಲೂ ಅವರು ಹಟ ಬಿಡಲಿಲ್ಲ, ಮತಕ್ಕೆ ಹಾಕಿ ಸೋಲಿಸಬೇಕಾಯಿತು.

ತೇಲುವ ವೇಗವನ್ನು ಕೈಪಿಡಿಯಿಂದ ಎತ್ತಿಕೊಂಡರೆ ಸಾಲದು. ಎಂಜಿನ್ ಶಕ್ತಿ ಇಳಿಸಿ ತೇಲಿದರೆ ಗಾಳಿಗೆ ತಿರುಗುವ ಪ್ರೊಪೆಲ್ಲರ್ ತಾನೇ ತಡೆಯಾಗಿ ಲೆಕ್ಕ ಕೆಡಿಸುತ್ತದೆ. ಕೆಫೆಯವರು ಇದಕ್ಕೆ ಒಂದು ಚೆಂದದ ಉಪಾಯ ಬಳಸಿದ್ದರು. ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ನಿನ ದಂಡಕ್ಕೆ, ಅಂದರೆ ಕ್ರ್ಯಾಂಕ್‌ಶಾಫ್ಟ್‌ಗೆ, ಹಿಂದೆ ಮುಂದೆ ಸರಿಯಲು ಕೂದಲೆಳೆಯಷ್ಟು ಜಾಗ ಇರುತ್ತದೆ. ಪ್ರೊಪೆಲ್ಲರ್ ಎಳೆಯುವಾಗ ಅದು ಮುಂದಕ್ಕೆ, ತಡೆಯುವಾಗ ಹಿಂದಕ್ಕೆ ಸರಿಯುತ್ತದೆ. ಎರಡರ ನಡುವಿನ ಕ್ಷಣವನ್ನು ಸಂವೇದಕದಿಂದ ಹಿಡಿದರೆ ಪ್ರೊಪೆಲ್ಲರ್ ಇಲ್ಲದ ವಿಮಾನದ ತಡೆ ಸಿಗುತ್ತದೆ. ನಮ್ಮ ಬಳಿ ಆ ಸಲಕರಣೆ ಇರಲಿಲ್ಲ. ಗಾಳಿ ಅಲುಗದ ಬೆಳಗಿನ ಹೊತ್ತಿನಲ್ಲಿ ಒಂದೇ ಎತ್ತರದಲ್ಲಿ ಬೇರೆ ಬೇರೆ ವೇಗದಲ್ಲಿ ಹಾರಿ, ಪ್ರತಿ ವೇಗಕ್ಕೂ ಮೂರು ದಿಕ್ಕಿನ ಜಿಪಿಎಸ್ ವೇಗ ಬರೆದುಕೊಂಡು, ಗಾಳಿಯ ಪಾಲನ್ನು ಕಳೆದು, ಇಂಧನ ಹರಿವಿನ ಗ್ರಾಫ್ ಎಳೆದೆ. ಪಕ್ಕದ ಸೀಟಿನಲ್ಲಿ ಕೂತ ಹೆಂಡತಿ ಅಂಕಿ ಬರೆಯುತ್ತಾ, "ಪ್ರವಾಸ ಅಂತ ಕರೆದುಕೊಂಡು ಬಂದು ಗುಮಾಸ್ತಿಕೆ ಮಾಡಿಸುತ್ತಿದ್ದೀರಿ" ಎಂದಳು.

ಸ್ಪರ್ಧೆಯ ದಿನದ ನಿಯಮಗಳಲ್ಲಿ ತೂಕವೇ ಮುಖ್ಯ. ಪೆಟ್ರೋಲ್ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಶೇ 1ರಷ್ಟು ಹಿಗ್ಗುತ್ತದೆ. ಬೆಳಿಗ್ಗೆ ತುಂಬಿಸಿ ಮಧ್ಯಾಹ್ನ ಅಳೆದರೆ ಗೆಲುವಿನ ಅಂತರವೇ ಅಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಲೀಟರ್ ಬಿಟ್ಟು ಕಿಲೋ ಹಿಡಿದೆವು. ತೊಟ್ಟಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಅದರ ಮೇಲೆ ಎದುರಾಳಿಯ ಸಹಿ ಹಾಕಿಸುತ್ತೇವೆ. ಇಳಿದ ಮೇಲೆ ಟೇಪ್ ಬಿಚ್ಚಿ, ತೂಗಿಟ್ಟ ಕ್ಯಾನಿನಿಂದ ಮೊದಲಿನ ಗುರುತಿನವರೆಗೆ ಮತ್ತೆ ತುಂಬಿಸಿ, ಕ್ಯಾನನ್ನು ಮತ್ತೆ ತಕ್ಕಡಿಗೆ ಇಡುವುದು. ಗುರುತು ತಪ್ಪಬಾರದೆಂದು ವಿಮಾನದ ಚಕ್ರಗಳು ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಿರುತ್ತೇವೆ. ನೆಲ ಸ್ವಲ್ಪ ವಾಲಿದರೂ ರೆಕ್ಕೆಯ ತೊಟ್ಟಿಯಲ್ಲಿ ಮಟ್ಟ ಬದಲಾಗುತ್ತದೆ.

ಗಾಳಿಯ ವಿಷಯದಲ್ಲಿ ಹೊಸಬರಿಗೆ ಒಂದು ಭ್ರಮೆ: ಹೋಗುವಾಗ ಎದುರಾದದ್ದು ಬರುವಾಗ ಹಿಂದಿನಿಂದ ಸಿಗುತ್ತದೆ, ಸರಿಹೋಗುತ್ತದೆ ಎಂದು. ಹಾಗಾಗುವುದಿಲ್ಲ. ಗಂಟೆಗೆ 100 ಮೈಲಿಯ ವಿಮಾನ 20 ಮೈಲಿಯ ಗಾಳಿಯಲ್ಲಿ ಹೋಗಿ ಬಂದರೆ ಸಮಯ ಶೇ 4ರಷ್ಟು ಹೆಚ್ಚು ಹಿಡಿಯುತ್ತದೆ. 150 ಮೈಲಿಯದಕ್ಕೆ ನಷ್ಟ ಶೇ 2ಕ್ಕೂ ಕಡಿಮೆ. ಅಂದರೆ ಗಾಳಿಯೂ ವೇಗದವರ ಪಕ್ಷ. ಹೀಗಾಗಿ ಗಾಳಿ ಏಳುವ ಮೊದಲೇ ಎಲ್ಲರೂ ಹೊರಡಬೇಕು. ತಡವಾಗಿ ಬಂದವರಿಗೆ ಕಾಫಿ ಮಾತ್ರ.

ಫಲ ಏನು ಎಂದರೆ, ಬಹುಮಾನದ ಬಟ್ಟಲಿಗಿಂತ ಹ್ಯಾಂಗರ್‌ಗಳಲ್ಲಿ ಆದ ಕೆಲಸ. ಚಕ್ರಕ್ಕೆ ಕವಚ ಹಾಕಿದವರು, ಎಂಜಿನ್‌ಗೆ ತಂಪುಗಾಳಿ ನುಗ್ಗುವ ಕಿಂಡಿ ಕಿರಿದು ಮಾಡಿದವರು, ಎಂಜಿನ್‌ಗೆ ಹೋಗುವ ಗಾಳಿಯಲ್ಲಿ ಇಂಧನದ ಪಾಲು ಕಡಿಮೆ ಮಾಡುವ ಕೆಂಪು ಮಿಕ್ಸ್ಚರ್ ಹಿಡಿಯನ್ನು ಭಯವಿಲ್ಲದೆ ಹಿಂದಕ್ಕೆ ಎಳೆಯಲು ಕಲಿತವರು. ಈ ಕೊನೆಯದಕ್ಕೆ ಖರ್ಚು ಸೊನ್ನೆ, ಲಾಭ ದೊಡ್ಡದು.

2011ರಲ್ಲಿ ಇದೇ ಸಾಂಟಾ ರೋಸಾದಲ್ಲಿ ನಾಸಾ ಹಣದ ಗ್ರೀನ್ ಫ್ಲೈಟ್ ಚಾಲೆಂಜ್ ನಡೆದಿತ್ತು. 200 ಮೈಲಿ, ಎರಡು ಗಂಟೆಯೊಳಗೆ, ಒಬ್ಬರಿಗೆ ಒಂದು ಗ್ಯಾಲನ್ನಿಗಿಂತ ಕಡಿಮೆ ಇಂಧನದಲ್ಲಿ. ಗೆದ್ದ ಪಿಪಿಸ್ಟ್ರೆಲ್ ಟಾರಸ್ ಜಿ4 ಎರಡು ಒಡಲು, ನಾಲ್ಕು ಸೀಟಿನ ವಿದ್ಯುತ್ ವಿಮಾನ. ಒಬ್ಬರಿಗೆ ಅರ್ಧ ಗ್ಯಾಲನ್ನಿಗೆ ತುಸು ಹೆಚ್ಚು ಸಮಾನ ಶಕ್ತಿ ಬಳಸಿ 13.5 ಲಕ್ಷ ಡಾಲರ್ ಪಡೆಯಿತು. ಎರಡನೆಯದಾದ ಇ-ಜೀನಿಯಸ್ ಕೂಡ ವಿದ್ಯುತ್ತಿನದೇ. ಸಾಧನೆ ದೊಡ್ಡದು, ನಿಜ. ಆದರೆ ಅಮೆರಿಕದ ಪರಿಸರ ಸಂಸ್ಥೆಯ ಲೆಕ್ಕದಲ್ಲಿ ಒಂದು ಗ್ಯಾಲನ್ ಪೆಟ್ರೋಲ್ ಎಂದರೆ 33.7 ಯೂನಿಟ್ ವಿದ್ಯುತ್. ಪೆಟ್ರೋಲ್ ಎಂಜಿನ್ ಅದರಲ್ಲಿ ಮೂರನೆಯ ಒಂದು ಭಾಗವನ್ನು ಪ್ರೊಪೆಲ್ಲರ್‌ಗೆ ತಲುಪಿಸಿದರೆ ಪುಣ್ಯ. ಮೋಟಾರ್ ಬಹುಪಾಲನ್ನು ತಲುಪಿಸುತ್ತದೆ. ವಿದ್ಯುತ್ ಸ್ಥಾವರದಲ್ಲಿ ಆದ ನಷ್ಟ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ವಿದ್ಯುತ್ ವಿಮಾನಕ್ಕೆ ಬೇರೆಯೇ ವರ್ಗ ಮಾಡಿದ್ದೇವೆ. ಈ ಸಲ ಒಬ್ಬರು ಹೆಸರು ಕೊಟ್ಟಿದ್ದಾರೆ. ಅವರ ಚಾರ್ಜರ್‌ಗೆ ನಮ್ಮದೇ ಮೀಟರ್ ಹಾಕುತ್ತೇವೆ: ಗೋಡೆಯಿಂದ ಎಳೆದ ಯೂನಿಟ್ಟೇ ಲೆಕ್ಕ, ಬ್ಯಾಟರಿಯ ಪರದೆ ತೋರಿಸಿದ್ದಲ್ಲ.